ಬೀಜದೊಳಗೆ ಮೂವರ ಮಾತುಕತೆ: ‘ಸೀಡ್‌ಲೆಸ್’ ಹಣ್ಣಿನ ಫಾರ್ವರ್ಡ್ ಕಳಿಸುವ ಮುನ್ನ ಇದನ್ನೊಮ್ಮೆ ಓದಿ

ಕತ್ರಿಗುಪ್ಪೆ ಮುಖ್ಯರಸ್ತೆಯ ತಳ್ಳುಗಾಡಿಗಳಲ್ಲಿ ದ್ರಾಕ್ಷಿ ಕಾಲದಲ್ಲಿ ಎರಡು ಬಗೆಯ ಹಣ್ಣು ಅಕ್ಕಪಕ್ಕ ಕಾಣುತ್ತವೆ. ಒಂದು, ಬೀಜವಿರುವ ಕಪ್ಪನೆಯ ಬೆಂಗಳೂರು ಬ್ಲೂ. ಇನ್ನೊಂದು, ಬೀಜವಿಲ್ಲದ ಹಸಿರು ದ್ರಾಕ್ಷಿ. ಅದೇ ಹೊತ್ತಿಗೆ ವಾಟ್ಸ್ಆ್ಯಪ್ ಗ್ರೂಪುಗಳಲ್ಲೂ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ: “ತನ್ನ ಸಂತಾನವನ್ನೇ ಬೆಳೆಸಲಾಗದ ಹಣ್ಣು ತಿಂದರೆ ನಿಮಗೂ ಸಂತಾನವಾಗದು. ಬೀಜವಿಲ್ಲದ ಹಣ್ಣು ವಿಷ. ಎಲ್ಲರಿಗೂ ಕಳಿಸಿ.”

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಇದು ಸುಳ್ಳು. ಆದರೆ ‘ಸುಳ್ಳು’ ಎಂದಷ್ಟೇ ಹೇಳಿದರೆ ಸಂದೇಶ ಕಳಿಸಿದ ಚಿಕ್ಕಪ್ಪನೋ ಅತ್ತೆಯೋ ಒಪ್ಪುವುದಿಲ್ಲ. “ಹಾಗಾದರೆ ಬೀಜ ಎಲ್ಲಿ ಹೋಯಿತು?” ಎಂದು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸಿಗಬೇಕಾದರೆ ಬೀಜ ಹುಟ್ಟುವುದು ಹೇಗೆ ಎಂದು ನೋಡಬೇಕು. ಬನ್ನಿ, ಅಡುಗೆಮನೆಯಿಂದಲೇ ಶುರು ಮಾಡೋಣ.

ಬೀಜ ಒಂದಲ್ಲ, ಮೂರು

ಚಳಿಗಾಲದಲ್ಲಿ ಅವರೆಕಾಳನ್ನು ನೆನೆಸಿ ಹಿತಕುತ್ತೇವಲ್ಲ, ಆಗ ಕೈಯಲ್ಲಿ ಉಳಿಯುವ ಸಿಪ್ಪೆ ಪೂರ್ತಿಯಾಗಿ ತಾಯಿಗಿಡದ ಭಾಗ. ಅದರಲ್ಲಿ ತಂದೆಯ ಪಾಲು ಏನೂ ಇಲ್ಲ. ಪುಳಕ್ಕನೆ ಹೊರಗೆ ಜಾರುವ ಹಿತಕಬೇಳೆ ಮಗು, ಅಂದರೆ ಭ್ರೂಣ. ಅದರಲ್ಲಿ ತಾಯಿಯದು ಅರ್ಧ, ತಂದೆಯದು ಅರ್ಧ.

ಇವೆರಡರ ಜೊತೆ ಮೂರನೆಯದೊಂದು ಇದೆ. ಎಂಡೋಸ್ಪರ್ಮ್ ಎನ್ನುವ ಇದನ್ನು ನಮ್ಮ ಪಠ್ಯಪುಸ್ತಕಗಳು ಭ್ರೂಣಾಹಾರ ಎನ್ನುತ್ತವೆ. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ನಾವು ಕುಡಿಯುವ ಎಳನೀರು ಭ್ರೂಣಾಹಾರ. ಅದರೊಳಗಿನ ಗಂಜಿಯೂ, ಬಲಿತ ಮೇಲೆ ಸಿಗುವ ಕೊಬ್ಬರಿಯೂ ಅದೇ. ಪಾಲಿಶ್ ಮಾಡಿದ ಅಕ್ಕಿಯೂ ಹೆಚ್ಚುಕಡಿಮೆ ಬರೀ ಭ್ರೂಣಾಹಾರವೇ. ಮಗುವಿನ ಪಾಲಿಗೆ ಇದು ಬುತ್ತಿ. ಅವರೆಕಾಳಿನಲ್ಲಿ ಮಗು ಬೆಳೆಯುತ್ತಲೇ ಈ ಬುತ್ತಿಯನ್ನು ಖಾಲಿ ಮಾಡಿರುತ್ತದೆ. ಹಾಗಾಗಿ ಹಿತಕುವಾಗ ಅದು ನಮಗೆ ಕಾಣುವುದಿಲ್ಲ. ತೆಂಗು, ಭತ್ತ, ರಾಗಿ, ಜೋಳಗಳಲ್ಲಿ ಬುತ್ತಿ ಕೊನೆಯವರೆಗೂ ಉಳಿಯುತ್ತದೆ.

ಈ ಬುತ್ತಿಗೂ ಅಪ್ಪ ಅಮ್ಮ ಇದ್ದಾರೆ. ಹೂವಿನ ಮೇಲೆ ಬಿದ್ದ ಒಂದು ಪರಾಗಕಣ ಎರಡು ಗಂಡುಕೋಶಗಳನ್ನು ತರುತ್ತದೆ. ಒಂದು ಅಂಡದೊಡನೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ದೊಡ್ಡ ಕೋಶದೊಡನೆ ಸೇರಿ ಭ್ರೂಣಾಹಾರವಾಗುತ್ತದೆ. ಇದನ್ನು ‘ಇಮ್ಮಡಿ ನಿಷೇಚನ’ ಎನ್ನುತ್ತಾರೆ. 1898ರಲ್ಲಿ ರಷ್ಯಾದ ವಿಜ್ಞಾನಿ ಸೆರ್ಗೆಯ್ ನವಾಶಿನ್ ಇದನ್ನು ಮೊದಲು ಗುರುತಿಸಿದರು. ಸಾಮಾನ್ಯವಾಗಿ ಭ್ರೂಣಾಹಾರದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು ಪಾಲು.

ಹೀಗೆ ಒಂದು ಕಾಳಿನೊಳಗೆ ಮೂರು ಬೇರೆ ಬೇರೆ ಲೆಕ್ಕದ ಅಂಗಾಂಶಗಳು ಒಟ್ಟಿಗೆ ಬೆಳೆಯಬೇಕು. ಸಿಪ್ಪೆ ಸಾಕಷ್ಟು ಹಿಗ್ಗದಿದ್ದರೆ ಮಗುವಿಗೆ ಜಾಗವಿಲ್ಲ. ಬುತ್ತಿ ಕಟ್ಟದಿದ್ದರೆ ಊಟವಿಲ್ಲ. ಇಷ್ಟಾದರೂ ಗಿಡಕ್ಕೆ ಮಿದುಳಿಲ್ಲ, ನರವಿಲ್ಲ. ಹಾಗಾದರೆ ಯಾರು ಯಾವಾಗ ಬೆಳೆಯಬೇಕು ಎಂದು ತೀರ್ಮಾನ ಆಗುವುದು ಹೇಗೆ? ಅವು ರಾಸಾಯನಿಕಗಳ ಮೂಲಕ ಪರಸ್ಪರ ಸುದ್ದಿ ಮುಟ್ಟಿಸುತ್ತವೆ.

ಮೊದಲ ಸುದ್ದಿ: “ಕೆಲಸ ಆಯಿತು, ಊಟ ಕಳಿಸಿ”

ಅವರೆಕಾಳಿನ ಒಂದು ಅಂಚಿನಲ್ಲಿ ಬಿಳಿ ಪಟ್ಟಿ ಇರುತ್ತದೆ, ಗಮನಿಸಿದ್ದೀರಾ? ಕಾಳು ಸೊಗಡಿನೊಳಗೆ ಅಂಟಿಕೊಂಡಿದ್ದ ಜಾಗ ಅದು, ಬೀಜದ ಹೊಕ್ಕುಳು ಎನ್ನಿ. ಎಲೆಗಳಲ್ಲಿ ತಯಾರಾದ ಸಕ್ಕರೆ ಈ ದಾರಿಯಲ್ಲೇ ಬರುತ್ತದೆ. ಆದರೆ ಕೊಳವೆ ಸಿಪ್ಪೆಯವರೆಗೆ ಮಾತ್ರ. ಮಗುವಿಗೆ ನೇರ ಸಂಪರ್ಕ ಇಲ್ಲ. ಸಿಪ್ಪೆ ಸಕ್ಕರೆಯನ್ನು ಹೊರಗೆ ಬಿಡಬೇಕು, ಒಳಗಿನವರು ಹೀರಿಕೊಳ್ಳಬೇಕು.

ಕೊಟ್ಟ ಊಟ ದಂಡವಾಗದಂತೆ ತಾಯಿಗಿಡ ಎಚ್ಚರ ವಹಿಸುತ್ತದೆ. ಸಾಸಿವೆ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಇದನ್ನು ತೋರಿಸಿ 2025ರಲ್ಲಿ ಪ್ರಕಟಿಸಿತು. ಸಕ್ಕರೆಯ ಕೊಳವೆ ಮುಗಿಯುವ ಕಡೆ ಕ್ಯಾಲೋಸ್ ಎಂಬ ಮೇಣದಂಥ ವಸ್ತು ಬಾಗಿಲಿನಂತೆ ಅಡ್ಡ ನಿಂತಿರುತ್ತದೆ. ನಿಷೇಚನ ಯಶಸ್ವಿಯಾದರೆ ಅದು ಕರಗಿ ದಾರಿ ತೆರೆಯುತ್ತದೆ. ವಿಫಲವಾದರೆ ಬಾಗಿಲು ಮುಚ್ಚಿಯೇ ಇರುತ್ತದೆ, ಆ ಬೀಜಕ್ಕೆ ಊಟ ಹೋಗುವುದಿಲ್ಲ.

ಸಿಪ್ಪೆಗೂ ಹೀಗೇ ಒಂದು ಸುದ್ದಿ ಬೇಕು. ನಿಷೇಚನ ನಡೆದದ್ದು ಒಳಗೆ, ಸಿಪ್ಪೆ ಇರುವುದು ಹೊರಗೆ. ಒಳಗೆ ಏನಾಯಿತೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? 2016ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಬಿಡಿಸಿದರು. ಆಗಷ್ಟೇ ಹುಟ್ಟಿದ ಭ್ರೂಣಾಹಾರ ಆಕ್ಸಿನ್ ಎಂಬ ಸಸ್ಯ ಹಾರ್ಮೋನನ್ನು ತಯಾರಿಸಿ ಹೊರಗೆ ಕಳಿಸುತ್ತದೆ. ಅದು ತಲುಪಿದ ಮೇಲೆಯೇ ಸಿಪ್ಪೆ ಬೆಳೆಯಲು ತೊಡಗುತ್ತದೆ. ಪರೀಕ್ಷಿಸಲು ಅವರು ನಿಷೇಚನವೇ ಆಗದ ಹೂಗಳಿಗೆ ಹೊರಗಿನಿಂದ ಆಕ್ಸಿನ್ ಕೊಟ್ಟು ನೋಡಿದರು. ಒಳಗೆ ಮಗುವಿಲ್ಲದಿದ್ದರೂ ಸಿಪ್ಪೆ ಬೆಳೆಯತೊಡಗಿತು! ಈ ಮಾತನ್ನು ನೆನಪಿಡಿ, ಮುಂದೆ ಕಲ್ಲಂಗಡಿ ಹೋಳಿನಲ್ಲಿ ಇದೇ ಬಗೆಯ ದೃಶ್ಯ ಮತ್ತೆ ಸಿಗಲಿದೆ.

ಬೀಜಗಳಿಂದ ಹೊರಡುವ ಹಾರ್ಮೋನುಗಳು ಹಣ್ಣಿಗೂ ತಲುಪುತ್ತವೆ. 1950ರಲ್ಲಿ ಜೀನ್ ನಿಟ್ಶ್ ಎಂಬ ವಿಜ್ಞಾನಿ ಎಳೆಯ ಸ್ಟ್ರಾಬೆರಿಯ ಮೈಮೇಲಿನ ಬೀಜದಂಥ ಕಣಗಳನ್ನು ಬಿಡಿಸಿ ತೆಗೆದರು. ಹಣ್ಣು ಬೆಳೆಯಲಿಲ್ಲ. ಅಲ್ಲಿಗೆ ಆಕ್ಸಿನ್ ಸವರಿದರು. ಹಣ್ಣು ಬೆಳೆಯಿತು. ಹಣ್ಣಿಗೆ ಬೇಕಾದದ್ದು ಬೀಜವಲ್ಲ, ಬೀಜ ಕಳಿಸುವ ಸುದ್ದಿ.

ಎರಡನೆಯ ಸುದ್ದಿ: “ನನ್ನ ಮೈ ಮುಚ್ಚಿದೆಯಾ?”

ಭ್ರೂಣಾಹಾರ ಊಟ ಕೊಟ್ಟು ಸುಮ್ಮನಾಗುವುದಿಲ್ಲ. 1941ರಲ್ಲಿ ಅಮೆರಿಕದಲ್ಲಿ ಯೋಹಾನಸ್ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ಉಮ್ಮತ್ತಿ ಜಾತಿಯ ಗಿಡದ ತೀರಾ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಹೊರಟಿದ್ದರು. ಸಕ್ಕರೆ, ಲವಣ ಕೊಟ್ಟರೂ ಅವು ಏಳಲಿಲ್ಲ. ತೆಂಗಿನಕಾಯಿಯ ನೀರು ಸೇರಿಸಿದಾಗ ಬೆಳೆದವು. ತೆಂಗಿನ ಭ್ರೂಣಾಹಾರ ಉಮ್ಮತ್ತಿಯ ಕೂಸನ್ನು ಸಾಕಿತು. ಊಟದ ಜೊತೆಗೆ “ಬೆಳೆ” ಎಂದು ಹೇಳುವ ಅಂಶಗಳೂ ಅದರಲ್ಲಿವೆ ಎಂದು ಹೀಗೆ ತಿಳಿಯಿತು. ಇಂದಿಗೂ ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ತೆಂಗಿನ ನೀರಿನ ಬಳಕೆ ಇದೆ.

ಮಗುವೂ ತಿರುಗಿ ಕೇಳುತ್ತದೆ. ಮೊಳಕೆ ಹೊರಬಂದು ಗಾಳಿಗೆ ಮೈಯೊಡ್ಡುವ ಮೊದಲು ಅದರ ಮೇಲೆ ನೀರು ಆರದಂತೆ ತಡೆಯುವ ತೆಳುಪೊರೆ ಪೂರ್ತಿ ಕಟ್ಟಿರಬೇಕು. ಒಂದು ಕಡೆ ತೂತಿದ್ದರೂ ಸಸಿ ಒಣಗಬಹುದು. ಪೊರೆ ಸರಿಯಿದೆಯೇ ಎಂದು ನೋಡುವ ಬಗೆಯನ್ನು ಫ್ರಾನ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು 2020ರಲ್ಲಿ ವಿವರಿಸಿದರು. ಭ್ರೂಣ ಒಂದು ಪುಟ್ಟ ಪ್ರೋಟೀನನ್ನು ತಯಾರಿಸುತ್ತದೆ. ಅದು ಬೀಗ ಹಾಕಿದ ಪೆಟ್ಟಿಗೆಯ ಹಾಗೆ, ಅದರಷ್ಟಕ್ಕೆ ಉಪಯೋಗವಿಲ್ಲ. ಪೊರೆಯಲ್ಲಿ ತೂತಿದ್ದರೆ ಪ್ರೋಟೀನು ಆ ತೂತಿನಿಂದ ಭ್ರೂಣಾಹಾರದ ಕಡೆಗೆ ಸೋರುತ್ತದೆ. ಬೀಗ ತೆಗೆಯುವ ಕಿಣ್ವ ಇರುವುದು ಅಲ್ಲಿಯೇ. ಕಿಣ್ವ ಅದನ್ನು ಕತ್ತರಿಸಿದ ಮೇಲೆ ತುಂಡು ಮತ್ತೆ ಭ್ರೂಣದ ಕಡೆಗೆ ಬಂದು “ಇನ್ನೂ ತೂತಿದೆ, ಪೊರೆ ಕಟ್ಟು” ಎಂದು ಹೇಳುತ್ತದೆ. ತೂತು ಮುಚ್ಚಿಕೊಂಡ ಮೇಲೆ ಸೋರುವುದು ನಿಲ್ಲುತ್ತದೆ, ಸುದ್ದಿಯೂ ನಿಲ್ಲುತ್ತದೆ. ಸುದ್ದಿ ಬಾರದಿರುವುದೇ “ಎಲ್ಲಾ ಸರಿಯಿದೆ” ಎಂಬ ಉತ್ತರ.

ಹೊಂಗೆ ಕಾಯಿಯಲ್ಲಿ ಅಣ್ಣತಮ್ಮಂದಿರ ಜಗಳ

ಮಾತುಕತೆ ಇದ್ದಲ್ಲಿ ಜಗಳವೂ ಇರುತ್ತದೆ. ಅದನ್ನು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ರಸ್ತೆಬದಿಯಲ್ಲಿ ಸಾಲುಸಾಲಾಗಿ ನಿಂತಿರುವ ಹೊಂಗೆಮರದ ಕಾಯಿ ಸಾಕು. ಹೊಂಗೆಯ ಒಂದು ಹೂವಿನಲ್ಲಿ ಬೀಜವಾಗಬಲ್ಲ ಅಂಡಕಗಳು ಎರಡು. ಆದರೆ ಹೆಚ್ಚಿನ ಕಾಯಿಗಳಲ್ಲಿ ಸಿಗುವ ಬೀಜ ಒಂದೇ. ಇನ್ನೊಂದು ಏನಾಯಿತು?

ನಮ್ಮೂರಿನದೇ ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಬೆನ್ನು ಹತ್ತಿದರು. ಆ ತಂಡದಲ್ಲಿ ಆರ್. ಉಮಾಶಂಕರ್ ಮತ್ತು ಕೆ.ಎನ್. ಗಣೇಶಯ್ಯ ಇದ್ದರು. ಗಣೇಶಯ್ಯನವರು ಕನ್ನಡ ಓದುಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರು. ಎಚ್.ಎಸ್. ಆರತಿ ಮೊದಲ ಲೇಖಕಿಯಾಗಿದ್ದ ಈ ಸಂಶೋಧನೆ 1999ರಲ್ಲಿ ಪ್ರಕಟವಾಯಿತು.

ಮೊದಲ ಅನುಮಾನ ಪರಾಗದ ಕೊರತೆಯ ಮೇಲೆ. ಆದರೆ ಪರಾಗಕ್ಕೆ ಕೊರತೆ ಇರಲಿಲ್ಲ. ಒಂದು ಬೀಜ ಇನ್ನೊಂದಕ್ಕೆ ವಿಷ ಹಾಕುತ್ತಿದೆಯೇ ಎಂದು ಬೀಜಗಳ ರಸ ತೆಗೆದು ನೋಡಿದರು. ಅದರ ಪರಿಣಾಮವೂ ಕಾಣಲಿಲ್ಲ. ಆಮೇಲೆ ವಿಕಿರಣದಿಂದ ಗುರುತು ಹಾಕಿದ ಸಕ್ಕರೆ ಕೊಟ್ಟು ಅದು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿದರು. ಸಕ್ಕರೆ ಹೀರುವ ಶಕ್ತಿ ಎರಡೂ ಬೀಜಗಳಿಗೆ ಒಂದೇ ಸಮನಾಗಿತ್ತು. ಆದರೆ ತುದಿಯ ಬೀಜ ಜೊತೆಗಿದ್ದಾಗ ತೊಟ್ಟಿನ ಕಡೆಯ ಬೀಜಕ್ಕೆ ಊಟ ಸಿಗುತ್ತಿರಲಿಲ್ಲ. ಸತ್ತದ್ದು ದುರ್ಬಲವಾಗಿತ್ತು ಎಂದಲ್ಲ, ಅದರ ಪಾಲು ಅದಕ್ಕೆ ತಲುಪಲಿಲ್ಲ. ಕೊನೆಗೆ ಹೊರಗಿನಿಂದ ಧಾರಾಳವಾಗಿ ಹಾರ್ಮೋನು ಕೊಟ್ಟರು. ಆಗ ಒಂದೇ ಕಾಯಿಯಲ್ಲಿ ಎರಡು ಬೀಜಗಳು ಬೆಳೆದವು!

ಎಲ್ಲ ಮರಗಳ ಜಗಳವೂ ಒಂದೇ ಥರ ಇರುವುದಿಲ್ಲ. ಇದೇ ವಿಜ್ಞಾನಿಗಳು 1988ರಲ್ಲಿ ಶೀಶಮ್ ಮರದ ಕಾಯಿಗಳ ಬಗ್ಗೆ ಬರೆದಿದ್ದರು. ಅಲ್ಲಿ ಮುಂದಿರುವ ಬೀಜದಿಂದ ಒಸರುವ ರಾಸಾಯನಿಕವೇ ಉಳಿದವನ್ನು ಅಳಿಸುತ್ತದೆ ಎಂಬುದು ಅವರ ತೀರ್ಮಾನ. ನಾವು ತಿನ್ನುವ ನೇರಳೆಹಣ್ಣಿನಲ್ಲಿ ಸಾಮಾನ್ಯವಾಗಿ ಒಂದೇ ಬೀಜ ಇರುತ್ತದಲ್ಲ, ಅದರ ಹೂವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಡಕಗಳಿರುತ್ತವೆ. ಅಲ್ಲಿಯೂ ಒಂದು ಬೆಳೆದರೆ ಉಳಿದವು ನಿಲ್ಲುತ್ತವೆ.

ಇದರಿಂದ ಒಂದು ಮಾತು ಸ್ಪಷ್ಟ. ಬೀಜ ಬೆಳೆಯದೆ ನಿಲ್ಲುವುದು ಪ್ರಕೃತಿಯಲ್ಲಿ ದಿನನಿತ್ಯದ ಸಂಗತಿ. ಅದರಲ್ಲಿ ವಿಷವಿಲ್ಲ, ಶಾಪವಿಲ್ಲ. ರೈತರು ‘ಜೊಳ್ಳು’ ಎಂಬ ಒಂದೇ ಪದದಲ್ಲಿ ಇದನ್ನು ಎಂದಿನಿಂದಲೂ ಹೇಳುತ್ತಾ ಬಂದಿದ್ದಾರೆ.

ಹಾಗಾದರೆ ಸೀಡ್‌ಲೆಸ್ ಹಣ್ಣಿನ ಬೀಜ ಎಲ್ಲಿ ಹೋಯಿತು?

ಮಾತುಕತೆ ಯಾವ ಹಂತದಲ್ಲಿ ನಿಂತಿತು ಎಂಬುದರ ಮೇಲೆ ಉತ್ತರ ಬೇರೆ ಬೇರೆ.

ದ್ರಾಕ್ಷಿ: ನಮ್ಮ ವಿಜಯಪುರದ ಕಡೆ ಹೆಚ್ಚು ಬೆಳೆಯುವ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಪರಾಗ ಬರುತ್ತದೆ, ನಿಷೇಚನವೂ ಆಗುತ್ತದೆ. ಸ್ವಲ್ಪ ದಿನಕ್ಕೆ ಬೀಜದ ಬೆಳವಣಿಗೆ ನಿಂತುಹೋಗುತ್ತದೆ. ಹಣ್ಣನ್ನು ಸೀಳಿ ನೋಡಿದರೆ ಮೆತ್ತನೆಯ ಸಣ್ಣ ಗುರುತು ಕಾಣಬಹುದು. ಹಣ್ಣಿಗೆ ಮೊದಲ ಸುದ್ದಿ ತಲುಪಿರುತ್ತದೆ, ಆಮೇಲಿನ ಸುದ್ದಿ ಬರುವುದಿಲ್ಲ. ಹಾಗೇ ಬಿಟ್ಟರೆ ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಆದ್ದರಿಂದ ಬೆಳೆಗಾರರು ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. ಬೀಜ ಕಳಿಸಬೇಕಿದ್ದ ಸುದ್ದಿಯನ್ನು ರೈತ ಕಳಿಸುತ್ತಾನೆ ಅಷ್ಟೆ.

ಕಲ್ಲಂಗಡಿ: ಇದಕ್ಕೆ ಮೂರು ಸೆಟ್ ವರ್ಣತಂತುಗಳಿರುತ್ತವೆ. ಜಪಾನಿನ ಹಿತೋಶಿ ಕಿಹಾರ ಅವರ ತಂಡ ಕಳೆದ ಶತಮಾನದ ನಡುವಿನಲ್ಲಿ ಇದನ್ನು ತಳಿ ಸಂಕರದಿಂದ ರೂಪಿಸಿತು. ಮೂರನ್ನು ಸರಿಯಾಗಿ ಎರಡು ಪಾಲು ಮಾಡಲಾಗದು, ಹಾಗಾಗಿ ಬೀಜ ಕಟ್ಟುವುದಿಲ್ಲ. ಆದರೂ ಹಣ್ಣು ಬೆಳೆಯಲು ಪರಾಗದ ಪ್ರಚೋದನೆ ಬೇಕು. ಅದಕ್ಕೆಂದೇ ಹೊಲದಲ್ಲಿ ಬೀಜವಿರುವ ತಳಿಯನ್ನೂ ಜೊತೆಗೆ ನೆಡುತ್ತಾರೆ. ಹೋಳಿನಲ್ಲಿ ಕಾಣುವ ಮೆತ್ತನೆಯ ಬಿಳಿ ‘ಬೀಜ’ಗಳು ಬರೀ ಸಿಪ್ಪೆ. ಒಳಗೆ ಮಗುವಿಲ್ಲ, ಮನೆ ಮಾತ್ರ ಕಟ್ಟಲು ಶುರುವಾಗಿತ್ತು.

ಬಾಳೆ: ನಾವು ತಿನ್ನುವ ಬಾಳೆಯ ಕಾಯಿ ನಿಷೇಚನದ ಸುದ್ದಿಗೆ ಕಾಯುವುದೇ ಇಲ್ಲ, ತಾನಾಗಿಯೇ ಊದುತ್ತದೆ. ನಡುವೆ ಕಾಣುವ ಕಪ್ಪು ಚುಕ್ಕಿಗಳು ಬೀಜವಾಗದೆ ಉಳಿದ ಅಂಡಕಗಳು. ಬಾಳೆಯ ಬಂಧುವಾದ ಘಟ್ಟದ ಕಲ್ಲುಬಾಳೆಯ ಹಣ್ಣಿನಲ್ಲಾದರೆ ಗಟ್ಟಿ ಬೀಜಗಳೇ ತುಂಬಿರುತ್ತವೆ.

ಫಾರ್ವರ್ಡ್‌ನ ಮಾತುಗಳು ಒಂದೊಂದಾಗಿ

“ಸೀಡ್‌ಲೆಸ್ ತಿಂದರೆ ಮಕ್ಕಳಾಗುವುದಿಲ್ಲ.” ಸುಳ್ಳು. ಹಣ್ಣಿನ ವರ್ಣತಂತುಗಳ ಲೆಕ್ಕ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ನಮ್ಮ ದೇಹಕ್ಕೆ ಅಂಟುವುದಿಲ್ಲ. ಅಂಟುವುದಾಗಿದ್ದರೆ ಕರ್ನಾಟಕದಲ್ಲಿ ಜನರೇ ಇರುತ್ತಿರಲಿಲ್ಲ! ಮದುವೆಯ ತಾಂಬೂಲದಿಂದ ಹಿಡಿದು ಸೀಮಂತದ ಮಡಿಲಕ್ಕಿಯವರೆಗೆ ನಾವು ಇಡುವ ಬಾಳೆಹಣ್ಣು ಬೀಜವಿಲ್ಲದ ಹಣ್ಣೇ.

“ಹಾರ್ಮೋನು ಹಾಕುತ್ತಾರೆ, ಅದು ನಮ್ಮ ಹಾರ್ಮೋನನ್ನು ಕೆಡಿಸುತ್ತದೆ.” ದ್ರಾಕ್ಷಿಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸುವುದು ನಿಜ. ಆದರೆ ಹೆಸರು ಒಂದೇ ಎಂದ ಮಾತ್ರಕ್ಕೆ ಕೆಲಸ ಒಂದೇ ಅಲ್ಲ. ಇದು ಗಿಡಗಳ ಬೆಳವಣಿಗೆಯ ಹಾರ್ಮೋನು, ಮನುಷ್ಯರ ಲೈಂಗಿಕ ಹಾರ್ಮೋನಲ್ಲ. ಬೀಜವಿರುವ ದ್ರಾಕ್ಷಿಯಲ್ಲಿ ಬೀಜಗಳೇ ಇದೇ ಗುಂಪಿನ ಹಾರ್ಮೋನುಗಳನ್ನು ತಯಾರಿಸುತ್ತವೆ.

“ಇಂಜೆಕ್ಷನ್ ಕೊಟ್ಟು ಬೀಜ ತೆಗೆಯುತ್ತಾರೆ.” ಬೆಳೆದ ಬೀಜವನ್ನು ಸೂಜಿಯಿಂದ ಮಾಯ ಮಾಡಲು ಸಾಧ್ಯವಿಲ್ಲ. ಬೀಜ ಇಲ್ಲವಾಗುವುದು ಅದು ಬಲಿಯುವ ಮೊದಲೇ, ಹೂವು ಕಾಯಾಗುವ ಹೊತ್ತಿನಲ್ಲಿ.

“ಎಲ್ಲಾ ಕುಲಾಂತರಿ.” ಅಲ್ಲ. ಭಾರತದಲ್ಲಿ ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ಬೇರೆ. ದ್ರಾಕ್ಷಿಗೆ ರೋಗ, ಕೀಟಗಳ ಔಷಧಿಯನ್ನೂ ಹೊಡೆಯುತ್ತಾರೆ. ಬೀಜ ಇರಲಿ, ಇಲ್ಲದಿರಲಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನಿ.

ಇಂಥ ಫಾರ್ವರ್ಡ್‌ನಿಂದ ಆಗುವ ನಿಜವಾದ ಹಾನಿಯೂ ಬೇರೆಯೇ. ಮದುವೆಯಾಗಿ ವರ್ಷ ಎರಡಾದರೂ ಮಕ್ಕಳಾಗದ ಮನೆಯಲ್ಲಿ ಇದು ಸೊಸೆಯ ತಟ್ಟೆಯ ಮೇಲೆ ಕಣ್ಣಿಡುವ ನೆಪವಾಗುತ್ತದೆ. “ಅದನ್ನು ತಿಂದಿದ್ದಕ್ಕೇ ಹೀಗಾಯಿತು” ಎಂಬ ಮಾತು ಬೀಳುತ್ತದೆ. ವೈದ್ಯರನ್ನು ಕಾಣಬೇಕಾದ ತಿಂಗಳುಗಳು ಪಥ್ಯದಲ್ಲಿ ಕಳೆದುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಆರು ಮಂದಿ ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಕಾರಣ ಹೆಂಡತಿಯಲ್ಲಿ ಇರಬಹುದು, ಗಂಡನಲ್ಲಿ ಇರಬಹುದು, ಇಬ್ಬರಲ್ಲೂ ಇರಬಹುದು. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ. ಹಣ್ಣಿನ ಬುಟ್ಟಿಯಲ್ಲಿ ಕಾರಣ ಹುಡುಕಬೇಡಿ.

ತಾರಸಿ ತೋಟದವರಿಗೆ ಒಂದು ಉಪಯೋಗ

ಮನೆ ಮೇಲೆ ಕುಂಬಳ, ಹೀರೆ, ಹಾಗಲ ಬೆಳೆಸುವವರು ಒಂದು ದೂರು ಹೇಳುತ್ತಿರುತ್ತಾರೆ: “ಪುಟ್ಟ ಕಾಯಿ ಬರುತ್ತೆ, ಹಳದಿಯಾಗಿ ಉದುರಿಹೋಗುತ್ತೆ.” ಹೆಚ್ಚಿನ ಸಲ ಇದಕ್ಕೆ ಗೊಬ್ಬರ ಕಾರಣವಲ್ಲ. ಆ ಪುಟ್ಟ ಕಾಯಿ ಹೆಣ್ಣು ಹೂವಿನ ಬುಡದ ಅಂಡಾಶಯ. ಜೇನುನೊಣ ಬರಲಿಲ್ಲ, ಪರಾಗ ಸಿಗಲಿಲ್ಲ, ಬೀಜ ಶುರುವಾಗಲಿಲ್ಲ, ಕಾಯಿಗೆ ಸುದ್ದಿ ತಲುಪಲಿಲ್ಲ. ಗಿಡ ಅದನ್ನು ಕೈಬಿಟ್ಟಿತು. ಗಂಡು ಹೂವನ್ನು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕುಂಬಳಕ್ಕೆ ಬೆಳಗ್ಗೆ ಬೇಗ, ಹೀರೆಗೆ ಹೂವು ಅರಳುವ ಸಂಜೆಯ ಹೊತ್ತು ಸರಿ.

ನಿಮ್ಮ ಗ್ರೂಪಿಗೆ ಕಳಿಸಲು ನಾಲ್ಕು ಸಾಲು

ಬೀಜವಿಲ್ಲದ ಹಣ್ಣು ವಿಷವಲ್ಲ. ಬೀಜ ಬೆಳೆಯಲು ಸಿಪ್ಪೆ, ಬುತ್ತಿ, ಭ್ರೂಣ ಮೂರೂ ಒಂದಕ್ಕೊಂದು ಸುದ್ದಿ ಕಳಿಸಬೇಕು. ಎಲ್ಲೋ ಒಂದು ಕಡೆ ಅದು ನಿಂತರೆ ಬೀಜ ಬಲಿಯುವುದಿಲ್ಲ.
ನಾವು ತಲೆತಲಾಂತರದಿಂದ ತಿನ್ನುತ್ತಿರುವ ಬಾಳೆಹಣ್ಣಿನಲ್ಲೂ ಬೀಜವಿಲ್ಲ.
ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಿ.
ದ್ರಾಕ್ಷಿ ತೊಳೆದು ತಿನ್ನಿ, ಹೆದರಿ ಬಿಡಬೇಡಿ.